ಸ್ಕಾಲಾದ ಲಿಸ್ಟು ಕಾಟ್ಲಿನ್‌ಗೆ ಬಂದ ಮೇಲೆ ಯಾಕೆ ಮುರಿಯುತ್ತದೆ? ಜಾವಾ ಬಳಗದ ಭಾಷೆಗಳಲ್ಲಿ ಕಲೆಕ್ಷನ್ ದಾಟಿಸುವ ಬಗ್ಗೆ

ಜೋಳದ_ಲೆಕ್ಕ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಜಾವಾ, ಸ್ಕಾಲಾ, ಕಾಟ್ಲಿನ್ ಮೂರನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಇಟ್ಟುಕೊಂಡು ಕೆಲಸ ಮಾಡುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ನಾವು ಇಲ್ಲಿ ಎಪಿಎಂಸಿ ವರ್ತಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಮೆಕ್ಕೆಜೋಳದ ಲಾಟು ಬಂದರೆ ಚೀಲ ಎಷ್ಟು, ತೂಕ ಎಷ್ಟು, ತೇವ ಎಷ್ಟು, ಹಮಾಲಿ ಎಷ್ಟು ಕಳೆಯಬೇಕು ಅಂತ ಲೆಕ್ಕ ಹಾಕಿ ರೈತನ ಕೈಗೆ ಪಟ್ಟಿ ಕೊಡುವ ಕೆಲಸ ಅದು. ದರ ಲೆಕ್ಕ ಹಾಕುವ ಭಾಗ ಹಳೆಯದು, ಸ್ಕಾಲಾದಲ್ಲಿದೆ. ಅದನ್ನು ಬರೆದವರು ಈಗ ನಮ್ಮ ಜೊತೆ ಇಲ್ಲ. ಆದರೆ ಲೆಕ್ಕ ಮಾತ್ರ ಪಕ್ಕಾ ಇದೆ, ಹಾಗಾಗಿ ಮುಟ್ಟುವ ಮನಸ್ಸಿಲ್ಲ. ನಡುವೆ ಒಂದು ಜಾವಾ ಲೈಬ್ರರಿ ಇದೆ. ಹೊಸ ಸರ್ವರ್ ಕಾಟ್ಲಿನ್‌ನಲ್ಲಿ. ಎಲ್ಲವೂ ಒಂದೇ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಮೇಲೆ ಓಡುತ್ತದೆ, ಒಂದೇ ಬೈಟ್‌ಕೋಡ್ (ಕಂಪೈಲರ್ ತಯಾರಿಸಿ ಜೆವಿಎಂಗೆ ಕೊಡುವ ರೂಪ), ಎಲ್ಲರೂ ಜಾವಾ ಜೊತೆ ಪೂರ್ತಿ ಹೊಂದಿಕೊಳ್ಳುತ್ತೇವೆ ಅಂತಲೇ ಹೇಳಿಕೊಳ್ಳುತ್ತಾರೆ ಅಲ್ವಾ?

ಆದರೆ ಆಗುತ್ತಿರುವುದು ಹೀಗೆ. ಸ್ಕಾಲಾದಿಂದ ಬಂದ ಲಾಟುಗಳ ಲಿಸ್ಟಿಗೆ ಜಾವಾ ಕಡೆ ಒಂದು ಲಾಟು ಸೇರಿಸಲು ಹೋದರೆ ಅನ್‌ಸಪೋರ್ಟೆಡ್‌ಆಪರೇಷನ್‌ಎಕ್ಸೆಪ್ಶನ್ (ಈ ಕೆಲಸ ಇಲ್ಲಿ ಆಗುವುದಿಲ್ಲ ಅನ್ನುವ ಎರರ್). ಕಂಪೈಲರ್ ಒಂದು ಮಾತೂ ಆಡುವುದಿಲ್ಲ, ಓಡುವಾಗ ಬೀಳುತ್ತದೆ. ಇನ್ನೊಂದು ಇದಕ್ಕೆ ತದ್ವಿರುದ್ಧ. ಕಾಟ್ಲಿನ್ ಫಂಕ್ಷನ್‌ನಲ್ಲಿ ಟೈಪು ಬರೀ ಲಿಸ್ಟ್, ಮ್ಯೂಟಬಲ್‌ಲಿಸ್ಟ್ ಅಲ್ಲ. ಅಂದರೆ ಯಾರೂ ಬದಲಾಯಿಸಬಾರದು. ಆದರೂ ಅದರ ಮೇಲೆ ಲೂಪ್ ಓಡುತ್ತಿರುವಾಗಲೇ ಕನ್‌ಕರೆಂಟ್‌ಮಾಡಿಫಿಕೇಷನ್‌ಎಕ್ಸೆಪ್ಶನ್ (ಓದುತ್ತಿರುವಾಗಲೇ ಲಿಸ್ಟ್ ಬದಲಾಯಿತು ಅನ್ನುವ ಎರರ್) ಬರುತ್ತದೆ. ಮೂರನೆಯದು, ಸ್ಕಾಲಾದಲ್ಲಿ ಇಂಟ್‌ಗಳ ಲಿಸ್ಟ್ ಅಂತ ಬರೆದಿರುವ ಮೆಥಡ್ ಕಾಟ್ಲಿನ್‌ಗೆ ಎನಿ (ಯಾವ ಟೈಪಾದರೂ ಆಗಬಹುದಾದ) ಲಿಸ್ಟ್ ಆಗಿ ಕಾಣುತ್ತದೆ. ಚೀಲದ ಎಣಿಕೆ ಅದು, ಪ್ರತಿ ಸಲ ಕಾಸ್ಟ್ ಮಾಡಬೇಕಾಗಿದೆ, ಅಂದರೆ ಇದು ಇಂಥ ಟೈಪು ಅಂತ ಕೈಯಾರೆ ಹೇಳಬೇಕಾಗಿದೆ.

ಒಂದೊಂದಕ್ಕೂ ಒಂದೊಂದು ತೇಪೆ ಹಚ್ಚುವುದು ನನಗೆ ಇಷ್ಟವಿಲ್ಲ. ಇದರ ಹಿಂದೆ ಇರುವ ವಿಷಯ ಏನು ಅಂತ ಗೊತ್ತಾಗಬೇಕು.

---

ಬೈಟ್‌ಕೋಡ್_ಓದುಗ:

ಒಳ್ಳೆಯ ಪ್ರಶ್ನೆ. ಮೊದಲ ಎರಡಕ್ಕೂ ಬೇರು ಒಂದೇ, ಅದು ಜಾವಾದಲ್ಲಿದೆ.

ಜಾವಾಗೆ ಈಗಿರುವ ಕಲೆಕ್ಷನ್ಸ್ ಫ್ರೇಮ್‌ವರ್ಕ್ (ಲಿಸ್ಟ್, ಮ್ಯಾಪ್ ಇತ್ಯಾದಿ) ಬಂದಿದ್ದು 1998ರಲ್ಲಿ, ಜಾವಾ 1.2 ಜೊತೆ. ಮುಖ್ಯವಾಗಿ ಜೋಶುವಾ ಬ್ಲಾಕ್ ವಿನ್ಯಾಸ ಮಾಡಿದ್ದು. ಆಗ ಒಂದು ತೀರ್ಮಾನ ಆಯಿತು. ಓದಲು ಮಾತ್ರ ಬಿಡುವ ಲಿಸ್ಟಿಗೆ ಬೇರೆ ಇಂಟರ್‌ಫೇಸ್ (ಯಾವ ಮೆಥಡ್‌ಗಳಿರಬೇಕು ಅನ್ನುವ ಕರಾರು), ಬರೆಯಲು ಬಿಡುವ ಲಿಸ್ಟಿಗೆ ಬೇರೆ ಇಂಟರ್‌ಫೇಸ್ ಅಂತ ಮಾಡಲಿಲ್ಲ. ಆ ದಾರಿ ಹಿಡಿದರೆ ಇಂಟರ್‌ಫೇಸ್‌ಗಳ ಸಂತೆಯೇ ಆಗಿಬಿಡುತ್ತದೆ ಅನ್ನುವುದು ಅವರ ವಾದ. ಹಾಗಾಗಿ ಲಿಸ್ಟ್ ಅನ್ನುವ ಒಂದೇ ಇಂಟರ್‌ಫೇಸ್‌ನಲ್ಲಿ ಗೆಟ್ ಕೂಡ ಇದೆ, ಆಡ್ ಕೂಡ ಇದೆ. ಆಡ್, ಸೆಟ್, ರಿಮೂವ್ ಇವೆಲ್ಲ ಐಚ್ಛಿಕ ಅಂತ ದಾಖಲೆಯಲ್ಲೇ ಬರೆದಿದ್ದಾರೆ. ಬೇಡ ಅನ್ನುವ ಕ್ಲಾಸು ಅನ್‌ಸಪೋರ್ಟೆಡ್‌ಆಪರೇಷನ್‌ಎಕ್ಸೆಪ್ಶನ್ ಎಸೆದರೆ ಸಾಕು. ಅಂದರೆ ಒಂದು ವಸ್ತು ಜಾವಾ ಲಿಸ್ಟ್ ಅಂತ ಗೊತ್ತಾದರೆ, ಅದಕ್ಕೆ ಸೇರಿಸಬಹುದೋ ಇಲ್ಲವೋ ಅನ್ನುವುದು ಗೊತ್ತಾದ ಹಾಗೆ ಆಗಲೇ ಇಲ್ಲ. ನಿಮ್ಮ ಕಂಪೈಲರ್ ಸುಮ್ಮನಿರುವುದು ಅದಕ್ಕೇ.

ಆಮೇಲೆ ಬಂದ ಭಾಷೆಗಳು ಇದನ್ನು ಒಂದೊಂದು ರೀತಿ ಎದುರಿಸಿದವು. ಗ್ರೂವಿ ಜಗಳಕ್ಕೇ ಹೋಗಲಿಲ್ಲ. ಅದರಲ್ಲಿ ಚೌಕ ಆವರಣ ಬರೆದರೆ ಸಿಗುವುದು ನೇರವಾಗಿ ಜಾವಾದ ಅರೇಲಿಸ್ಟ್, ಮ್ಯಾಪ್ ಬರೆದರೆ ಲಿಂಕ್ಡ್‌ಹ್ಯಾಶ್‌ಮ್ಯಾಪ್. ಸ್ಕಾಲಾ ಜಾವಾದ್ದನ್ನು ಬದಿಗಿಟ್ಟು ಸ್ವಂತ ಕಲೆಕ್ಷನ್ ಮಾಡಿಕೊಂಡಿತು. ಕಾಟ್ಲಿನ್ ನಡುದಾರಿ ಹಿಡಿಯಿತು, ನಿಮ್ಮ ಎರಡನೇ ತೊಂದರೆ ಅಲ್ಲಿಂದಲೇ ಬಂದಿದ್ದು.

ಕಾಟ್ಲಿನ್‌ನ ಲಿಸ್ಟ್, ಮ್ಯೂಟಬಲ್‌ಲಿಸ್ಟ್ ಎರಡೂ ಕಂಪೈಲರ್ ಕಣ್ಣಿಗೆ ಬೇರೆ ಬೇರೆ. ಜೆವಿಎಂ ಮೇಲೆ ಎರಡೂ ಒಂದೇ, ಜಾವಾದ ಲಿಸ್ಟ್. ಕಾಟ್ಲಿನ್‌ನಲ್ಲಿ ಲಿಸ್ಟ್ ಅಂದರೆ "ಈ ಕೈಯಿಂದ ನಾನು ಬದಲಾಯಿಸುವುದಿಲ್ಲ" ಅಂತ ಮಾತ್ರ ಅರ್ಥ. ಬೇರೆ ಯಾರೂ ಬದಲಾಯಿಸುವುದಿಲ್ಲ ಅನ್ನುವ ಭರವಸೆ ಅದರಲ್ಲಿ ಇಲ್ಲ. ನಿಮ್ಮ ಜಾವಾ ಲೈಬ್ರರಿ ಅದೇ ಅರೇಲಿಸ್ಟನ್ನು ತನ್ನ ಹತ್ತಿರ ಹಿಡಿದುಕೊಂಡು, ಇನ್ನೊಂದು ಥ್ರೆಡ್‌ನಲ್ಲೋ (ಜೊತೆಜೊತೆಗೇ ಓಡುವ ಇನ್ನೊಂದು ಕೆಲಸ) ಅಥವಾ ಲೂಪ್ ಒಳಗಿನಿಂದ ಕರೆದ ಯಾವುದೋ ಮೆಥಡ್‌ನಲ್ಲೋ ಹೊಸ ಲಾಟು ತುರುಕುತ್ತಿದೆ. ಅದನ್ನು ಹುಡುಕಿ, ಸಿಗುತ್ತದೆ.

ಈ ಒಂದು ಪರೀಕ್ಷೆ ಮಾಡಿ ನೋಡಿ, ವಿಷಯ ತಲೆಗೆ ಕೂರುತ್ತದೆ. ಕಾಟ್ಲಿನ್‌ನ ಲಿಸ್ಟ್‌ಆಫ್ ಫಂಕ್ಷನ್‌ಗೆ ಏನೂ ಕೊಡದೆ ಕರೆಯಿರಿ, ಆಮೇಲೆ ಒಂದು ಐಟಂ ಕೊಟ್ಟು, ಆಮೇಲೆ ಮೂರು ಕೊಟ್ಟು. ಪ್ರತಿಯೊಂದನ್ನೂ ಮ್ಯೂಟಬಲ್‌ಲಿಸ್ಟ್‌ಗೆ ಬಲವಂತವಾಗಿ ಕಾಸ್ಟ್ ಮಾಡಿ. ಖಾಲಿ ಲಿಸ್ಟು ಕಾಟ್ಲಿನ್‌ನದೇ ವಸ್ತು, ಅದು ಕಾಸ್ಟ್‌ನಲ್ಲೇ ಬೀಳುತ್ತದೆ, ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್. ಒಂದೇ ಐಟಂ ಇದ್ದರೆ ಒಳಗೆ ಇರುವುದು ಜಾವಾದ ಸಿಂಗಲ್‌ಟನ್‌ಲಿಸ್ಟ್. ಕಾಸ್ಟ್ ಆಗುತ್ತದೆ, ಆದರೆ ಸೆಟ್ ಮಾಡಿದರೂ ಆಡ್ ಮಾಡಿದರೂ ಎಕ್ಸೆಪ್ಶನ್. ಮೂರು ಇದ್ದರೆ ಅರೇಸ್.ಆಸ್‌ಲಿಸ್ಟ್ ಕೊಡುವ ವಸ್ತು. ಅದರಲ್ಲಿ ಸೆಟ್ ಸಲೀಸಾಗಿ ಕೆಲಸ ಮಾಡಿಬಿಡುತ್ತದೆ! ಆಡ್ ಮಾತ್ರ ಬೀಳುತ್ತದೆ. ಒಂದೇ ಫಂಕ್ಷನ್, ಒಂದೇ ಟೈಪು, ಒಳಗೆ ಎಷ್ಟು ಐಟಂ ಇದೆ ಅನ್ನುವುದರ ಮೇಲೆ ಮೂರು ನಡವಳಿಕೆ. ಕಾಟ್ಲಿನ್ ಒಳಗೇ ಇದ್ದರೆ ಯಾರಿಗೂ ಇದು ಕಾಣಿಸುವುದಿಲ್ಲ, ಯಾಕೆಂದರೆ ಕಂಪೈಲರ್ ತಡೆಯುತ್ತದೆ. ಜಾವಾಗೆ ದಾಟಿದ ಕೂಡಲೇ ಆ ತಡೆ ಹೋಯಿತು. ಜಾವಾ ಕೋಡಿಗೆ ಕಾಸ್ಟ್ ಕೂಡ ಬೇಕಿಲ್ಲ.

ಇಲ್ಲಿ ಕಾಟ್ಲಿನ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅದೇ ವಸ್ತುವನ್ನು ಎರಡೂ ಕಡೆ ಬಳಸುವುದರಿಂದ ದಾಟಿಸುವ ಖರ್ಚು ಸೊನ್ನೆ. ಆಂಡ್ರಾಯ್ಡ್ ಲೋಕ ಅಷ್ಟು ಬೇಗ ಕಾಟ್ಲಿನ್‌ಗೆ ಹೋಗಲು ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಆದರೆ ಖರ್ಚು ಇಲ್ಲ ಅಂದಾಗ ರಕ್ಷಣೆಯೂ ಇಲ್ಲ, ಅದನ್ನು ತಿಳಿದೇ ಬಳಸಬೇಕು.

---

ದುರ್ಗದ_ಗಾಳಿ (ಚಿತ್ರದುರ್ಗ):

ಮೇಲಿನ ಉತ್ತರ ಪೂರ್ತಿ ಒಪ್ಪುತ್ತೇನೆ. ಸ್ಕಾಲಾ ಕಡೆಯದ್ದನ್ನು ನಾನು ಹೇಳುತ್ತೇನೆ. ನಮ್ಮ ಊರಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ಹೈವೇಯಲ್ಲಿ ಹೋಗುವಾಗ ನೋಡಿರುತ್ತೀರಿ. ಅಂಥ ಯಂತ್ರಗಳ ರೀಡಿಂಗ್ ಸೇರಿಸಿ ವರದಿ ಮಾಡುವ ಕೆಲಸದಲ್ಲಿ ನಾನಿದ್ದೇನೆ. ಅಲ್ಲಿ ಮೊದಲು ಸ್ಕಾಲಾ ಇತ್ತು, ಈಗ ಕ್ಲೋಜರ್ (ಜೆವಿಎಂ ಮೇಲೆ ಓಡುವ ಇನ್ನೊಂದು ಭಾಷೆ) ಮತ್ತು ಜಾವಾ.

ನಿಮ್ಮ ಸ್ಕಾಲಾ ಕೋಡು ಎಷ್ಟು ಹಳೆಯದು ಅಂತ ಮೊದಲು ನೋಡಿ. ಫೈಲಿನ ಮೇಲ್ಭಾಗದಲ್ಲಿ ಜಾವಾಕನ್ವರ್ಷನ್ಸ್ ಅಂತ ಇಂಪೋರ್ಟ್ ಇದ್ದರೆ ಅದು ಗುಟ್ಟಾಗಿ ಕೆಲಸ ಮಾಡುವ ಜಾತಿ. ಕೋಡಿನಲ್ಲಿ ಎಲ್ಲೂ ಕಾಣದ ಹಾಗೆ ಸ್ಕಾಲಾ ಲಿಸ್ಟನ್ನು ಜಾವಾ ಲಿಸ್ಟ್ ಮಾಡಿಬಿಡುತ್ತದೆ. ಎಲ್ಲಿ ದಾಟಿತು ಅಂತ ಹುಡುಕಲು ಜೀವ ಹೋಗುತ್ತದೆ. ಅದನ್ನು ಸ್ಕಾಲಾ 2.12ರಲ್ಲಿ ಬೇಡ ಅಂತ ಗುರುತು ಹಾಕಿದರು, 2019ರಲ್ಲಿ ಬಂದ 2.13ರಲ್ಲಿ ಕಿತ್ತೇ ಹಾಕಿದರು. ಅದರ ಬದಲು ಇರುವುದು ಆಸ್‌ಜಾವಾ, ಆಸ್‌ಸ್ಕಾಲಾ ಅಂತ ಕೈಯಾರೆ ಬರೆಯುವ ಪದ್ಧತಿ. ಒಂದು ಶಬ್ದ ಜಾಸ್ತಿ ಬರೆಯಬೇಕು ಅಷ್ಟೇ. ಗಡಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ, ನನಗೆ ಅದು ತುಂಬ ದೊಡ್ಡ ಲಾಭ. ಕಾಟ್ಲಿನ್‌ನಿಂದಲೋ ಜಾವಾದಿಂದಲೋ ಕರೆಯಬೇಕಾದರೆ ಸ್ಕಾಲಾ.ಜೆಡಿಕೆ.ಜಾವಾಎಪಿಐ ಅನ್ನುವ ಪ್ಯಾಕೇಜಿನಲ್ಲಿ ಇದೇ ಕೆಲಸಕ್ಕೆ ಸಾದಾ ಮೆಥಡ್‌ಗಳಿವೆ.

ಆಸ್‌ಜಾವಾ ಕಾಪಿ ಮಾಡುವುದಿಲ್ಲ. ಇದು ತುಂಬ ಮುಖ್ಯ. ಮೂಲ ಸ್ಕಾಲಾ ವಸ್ತುವಿನ ಮೇಲೆ ಜಾವಾ ಲಿಸ್ಟಿನ ಹೊದಿಕೆ ಹಾಕುತ್ತದೆ. ಅದನ್ನೇ ತಿರುಗಿ ಆಸ್‌ಸ್ಕಾಲಾ ಮಾಡಿದರೆ ಹೊದಿಕೆ ತೆಗೆದು ಮೊದಲಿನ ವಸ್ತುವನ್ನೇ ಕೊಡುತ್ತದೆ, ಹೊದಿಕೆ ಮೇಲೆ ಹೊದಿಕೆ ಬೆಳೆಯುವುದಿಲ್ಲ. ಒಳಗಿರುವುದು ಬದಲಾಗದ ಲಿಸ್ಟ್ ಆದರೆ ಆಡ್ ಬೀಳುತ್ತದೆ, ನಿಮಗೆ ಆಗಿರುವುದು ಇದೇ. ಒಳಗಿರುವುದು ಸ್ಕಾಲಾದ ಮ್ಯೂಟಬಲ್ ಬಫರ್ ಆಗಿದ್ದರೆ ಜಾವಾ ಕಡೆ ಸೇರಿಸಿದ್ದು ಸ್ಕಾಲಾ ಕಡೆಯೂ ಕಾಣಿಸುತ್ತದೆ.

ಈಗ ವೇಗದ ವಿಷಯ. ಇದನ್ನು ಯಾರೂ ಹೇಳುವುದಿಲ್ಲ. ಸ್ಕಾಲಾದ ಲಿಸ್ಟ್ ಅಂದರೆ ಸರಪಳಿ, ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬೇಕು. ಜಾವಾದವರು ಹಳೇ ಅಭ್ಯಾಸದಂತೆ ಐ ಅನ್ನು ಸೊನ್ನೆಯಿಂದ ಸೈಜ್‌ವರೆಗೆ ಓಡಿಸಿ ಗೆಟ್(ಐ) ಅಂತ ಬರೆದರೆ, ಪ್ರತಿ ಗೆಟ್ ಕೂಡ ಮೊದಲಿನಿಂದ ನಡೆಯುತ್ತದೆ. 10,000 ಲಾಟು ಇದ್ದರೆ ಗೆಟ್‌ಗಳಿಗೇ ಒಟ್ಟು ಸುಮಾರು 5 ಕೋಟಿ ಹೆಜ್ಜೆ. ಸೈಜ್ ಕೇಳಿದರೂ ಪೂರ್ತಿ ನಡೆದು ಎಣಿಸುತ್ತದೆ, ಅದೂ ಪ್ರತಿ ಸುತ್ತಿನಲ್ಲಿ. ಇಟರೇಟರ್ (ಒಂದೊಂದೇ ಐಟಂ ಕೊಡುತ್ತಾ ಮುಂದೆ ಹೋಗುವ ವಸ್ತು) ಬಳಸುವ ಲೂಪ್ ಬರೆದರೆ ಈ ತೊಂದರೆ ಇಲ್ಲ, ಹೊದಿಕೆಯ ಇಟರೇಟರ್ ಸ್ಕಾಲಾದ ಇಟರೇಟರನ್ನೇ ಕರೆಯುತ್ತದೆ. ಜಾವಾ ಕಡೆಯವರ ಮೇಲೆ ನಂಬಿಕೆ ಇಲ್ಲ ಅಂದರೆ ಸ್ಕಾಲಾ ಕಡೆ ಲಿಸ್ಟ್ ಬದಲು ವೆಕ್ಟರ್ ಇಟ್ಟು ಆಸ್‌ಜಾವಾ ಮಾಡಿ. ವೆಕ್ಟರ್ 32 ಕವಲಿನ ಮರ, ಎಷ್ಟನೇದು ಕೇಳಿದರೂ ಕೆಲವೇ ಹೆಜ್ಜೆಯಲ್ಲಿ ಸಿಗುತ್ತದೆ.

ಇಂಟ್ ವಿಷಯ ಸುಲಭ. ಸ್ಕಾಲಾದ ಇಂಟ್ ಜಾವಾದ ಪ್ರಿಮಿಟಿವ್‌ಗೆ (ವಸ್ತುವಲ್ಲದ ಬರೀ ಸಂಖ್ಯೆ) ಹೊಂದುತ್ತದೆ. ಜಾವಾ ಜೆನೆರಿಕ್ಸ್‌ಗೆ (ಲಿಸ್ಟಿನೊಳಗೆ ಯಾವ ಟೈಪು ಅಂತ ಬರೆಯುವ ಪದ್ಧತಿ) ಪ್ರಿಮಿಟಿವ್ ಕೊಡಲು ಬರುವುದಿಲ್ಲ. ಹಾಗಾಗಿ ಸ್ಕಾಲಾ ಕಂಪೈಲರ್ ಸಹಿಯಲ್ಲಿ ಆಬ್ಜೆಕ್ಟ್ ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. ಒಳಗೆ ಇರುವುದು ಇಂಟಿಜರ್ ವಸ್ತುವೇ. ಆ ಮೆಥಡ್‌ನ ಟೈಪನ್ನು ಜಾವಾದ ಇಂಟಿಜರ್ ಲಿಸ್ಟ್ ಅಂತ ಬರೆದು, ಇಂಟ್.ಬಾಕ್ಸ್‌ನಿಂದ ಮ್ಯಾಪ್ ಮಾಡಿ ಕಳಿಸಿ. ಕಾಟ್ಲಿನ್‌ಗೆ ಸರಿಯಾಗಿ ಕಾಣಿಸುತ್ತದೆ.

---

ಜೋಳದ_ಲೆಕ್ಕ:

ಇಬ್ಬರಿಗೂ ತುಂಬ ಧನ್ಯವಾದ. ಸಿಂಗಲ್‌ಟನ್‌ಲಿಸ್ಟ್ ಪರೀಕ್ಷೆ ಮಾಡಿದೆ, ಹೇಳಿದ ಹಾಗೇ ಆಯಿತು. ಒಂದೇ ಲಾಟು ತಂದ ರೈತರ ಪಟ್ಟಿಯಲ್ಲಿ ಮಾತ್ರ ಬರುತ್ತಿದ್ದ ಒಂದು ಎರರ್ ಇತ್ತು, ಅದು ಯಾಕೆ ಅಂತ ಈಗ ಅರ್ಥ ಆಯಿತು.

ಹಾಗಾದರೆ ಗಡಿ ದಾಟುವಾಗಲೆಲ್ಲ ಕಾಪಿ ಮಾಡಿಬಿಡುವುದೇ ಸರಿಯಾ? ನನಗೆ ಇರುವ ಚಿಂತೆ ಖರ್ಚಿನದು. ಸುಗ್ಗಿ ಕಾಲದಲ್ಲಿ ಮೆಕ್ಕೆಜೋಳ ಒಟ್ಟಿಗೆ ಬರುತ್ತದೆ, ಇಡೀ ಹಂಗಾಮಿನ ವರದಿ ತೆಗೆದರೆ ಸಾಲುಗಳು ಲಕ್ಷದ ಲೆಕ್ಕದಲ್ಲಿರುತ್ತವೆ.

---

ಬೈಟ್‌ಕೋಡ್_ಓದುಗ:

ಕಾಪಿ ಮಾಡಿ. ಲಕ್ಷಕ್ಕೆಲ್ಲ ಹೆದರಬೇಡಿ.

ಲಿಸ್ಟ್ ಕಾಪಿ ಅಂದರೆ ಲಾಟುಗಳ ಕಾಪಿ ಅಲ್ಲ, ರೆಫರೆನ್ಸ್‌ಗಳ (ವಸ್ತು ಎಲ್ಲಿದೆ ಅಂತ ತೋರಿಸುವ ಗುರುತು) ಕಾಪಿ ಮಾತ್ರ. ಹೀಪ್ (ವಸ್ತುಗಳು ಕೂರುವ ಮೆಮೊರಿ) 32 ಜಿಬಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಒಂದು ರೆಫರೆನ್ಸ್‌ಗೆ 4 ಬೈಟು. ಒಂದು ಲಕ್ಷ ಲಾಟಿಗೆ 4 ಲಕ್ಷ ಬೈಟು, ಅಂದರೆ ಅರ್ಧ ಎಂಬಿಯೂ ಆಗಲಿಲ್ಲ. ಡೇಟಾಬೇಸ್‌ನಿಂದ ಆ ಸಾಲುಗಳನ್ನು ತರಲು ಹಿಡಿಯುವ ಹೊತ್ತಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಒಳಗಿನ ಲೂಪ್‌ನಲ್ಲಿ, ಪ್ರತಿ ಲಾಟಿಗೂ ಒಂದು ಸಲ ಗಡಿ ದಾಟುತ್ತಿದ್ದರೆ ಆಗ ಬೇರೆ ಮಾತು. ಹಾಗಿದ್ದರೆ ಗಡಿಯನ್ನೇ ತಪ್ಪು ಜಾಗದಲ್ಲಿ ಎಳೆದಿದ್ದೀರಿ ಅಂತ ಅರ್ಥ, ಕಾಪಿಯದ್ದಲ್ಲ ತಪ್ಪು.

ಯಾವುದರಿಂದ ಕಾಪಿ ಮಾಡಬೇಕು ಅನ್ನುವುದು ಮುಖ್ಯ. ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಲಿಸ್ಟ್ ಅನ್ನುವುದನ್ನು ಎಷ್ಟೋ ಜನ ಕಾಪಿ ಅಂತ ತಿಳಿದಿದ್ದಾರೆ. ಅದು ಬರೀ ಕಿಟಕಿ. ಹಿಂದಿನ ಅರೇಲಿಸ್ಟ್ ಬದಲಾದರೆ ಇಲ್ಲಿಯೂ ಬದಲಾಗುತ್ತದೆ, ನಿಮ್ಮ ಕನ್‌ಕರೆಂಟ್ ಎಕ್ಸೆಪ್ಶನ್ ಹಾಗೇ ಉಳಿಯುತ್ತದೆ. ಬೇಕಿರುವುದು ಜಾವಾ 10ರಲ್ಲಿ ಬಂದ ಲಿಸ್ಟ್.ಕಾಪಿಆಫ್. ಕೊಟ್ಟಿದ್ದು ಆಗಲೇ ಅದೇ ಜಾತಿಯ ಬದಲಾಗದ ಲಿಸ್ಟ್ ಆಗಿದ್ದರೆ ಅದು ಮತ್ತೆ ಕಾಪಿ ಮಾಡುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಎರಡು ಗಡಿ ದಾಟಿದರೂ ಖರ್ಚು ಒಂದೇ ಸಲ. ಒಂದು ಎಚ್ಚರಿಕೆ, ಅದು ನಲ್ (ಏನೂ ಇಲ್ಲ ಅನ್ನುವ ಗುರುತು) ಒಪ್ಪುವುದಿಲ್ಲ. ಒಳಗೆ ಒಂದೇ ಒಂದು ನಲ್ ಇದ್ದರೂ ಅಲ್ಲೇ ಬೀಳುತ್ತದೆ. ಗಡಿಯಲ್ಲೇ ಬೀಳುವುದು ನನ್ನ ಪ್ರಕಾರ ಒಳ್ಳೆಯದೇ. ಯಾಕೆಂದರೆ ಜಾವಾದಿಂದ ಬಂದ ಲಿಸ್ಟಿನೊಳಗೆ ನಲ್ ಇದೆಯಾ ಅಂತ ಕಾಟ್ಲಿನ್ ಮೊದಲೇ ನೋಡುವುದಿಲ್ಲ. ಟೈಪಿನಲ್ಲಿ ನಲ್ ಇಲ್ಲ ಅಂತ ಬರೆದಿದ್ದರೂ ಒಳಗೆ ನಲ್ ಕೂತಿರುತ್ತದೆ, ಎಲ್ಲೋ ದೂರದಲ್ಲಿ ಆ ಐಟಂ ಮುಟ್ಟಿದಾಗ ಸಿಡಿಯುತ್ತದೆ.

ಕಾಟ್ಲಿನ್ ಒಳಗೆ ಟುಲಿಸ್ಟ್ ಕರೆದರೂ ಹೊಸ ಕಾಪಿ ಸಿಗುತ್ತದೆ. ಅದು ಸಾಕು. ಆದರೆ ಒಂದಕ್ಕಿಂತ ಹೆಚ್ಚು ಐಟಂ ಇದ್ದು ಅದನ್ನು ಜಾವಾಗೆ ಕೊಟ್ಟರೆ ಜಾವಾ ಅದಕ್ಕೆ ಸೇರಿಸಬಹುದು.

---

ದುರ್ಗದ_ಗಾಳಿ (ಚಿತ್ರದುರ್ಗ):

ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಎಲ್ಲ ಕಡೆ ಕಾಪಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೊಡುವವನ ಕೈಯಲ್ಲಿರುವುದೇ ಬದಲಾಗದ ವಸ್ತು ಆದರೆ ಕಾಪಿ ಯಾಕೆ? ಸ್ಕಾಲಾ ವೆಕ್ಟರ್ ಮೇಲೆ ಆಸ್‌ಜಾವಾ ಹಾಕಿದರೆ ಅದನ್ನು ಯಾರೂ ಕೆಡಿಸಲು ಆಗುವುದಿಲ್ಲ. ಕ್ಲೋಜರ್‌ನಲ್ಲಿ ಹೊದಿಕೆ ಕೂಡ ಬೇಡ. ಅಲ್ಲಿನ ವೆಕ್ಟರ್ ತಾನೇ ಜಾವಾದ ಲಿಸ್ಟ್ ಇಂಟರ್‌ಫೇಸ್ ಪಾಲಿಸುತ್ತದೆ, ಮ್ಯಾಪ್ ಜಾವಾದ ಮ್ಯಾಪ್ ಆಗಿರುತ್ತದೆ. ಓದುವುದು ಎಲ್ಲ ನಡೆಯುತ್ತದೆ, ಬರೆಯಲು ಹೋದರೆ ಎಕ್ಸೆಪ್ಶನ್. 2007ರಲ್ಲಿ ರಿಚ್ ಹಿಕ್ಕಿ ಅದನ್ನು ಹೊರಗೆ ತಂದಾಗಿನಿಂದ ಭಾಷೆಯ ನಡುವೆ ಇರುವ ವಿಚಾರವೇ ಬದಲಾಗದ ಡೇಟಾ. ಬದಲಾಗುವುದೇ ಇಲ್ಲ ಅಂದ ಮೇಲೆ ಯಾರ ಕೈಗಾದರೂ ಕೊಡಬಹುದು. ಅಪಾಯ ಇರುವುದು ಅರೇಲಿಸ್ಟ್ ದಾಟುವಾಗ ಮಾತ್ರ, ಅಲ್ಲಿ ಖಂಡಿತ ಕಾಪಿ ಮಾಡಿ.

ಹಾಗಂತ ಕ್ಲೋಜರ್‌ನಲ್ಲಿ ಗಡಿ ಸಮಸ್ಯೆ ಇಲ್ಲ ಅಂದುಕೊಳ್ಳಬೇಡಿ. ಬೇರೆ ರೀತಿಯದು ಇದೆ, ಅದು ಇನ್ನೂ ಕಳ್ಳತನದ್ದು. ಎಕ್ಸೆಪ್ಶನ್ ಬರುವುದೇ ಇಲ್ಲ, ಸುಮ್ನೆ ಉತ್ತರ ತಪ್ಪಾಗುತ್ತದೆ.

ಗಾಳಿಯಂತ್ರದ ನಂಬರ್ ಕೀ ಆಗಿ ಇಟ್ಟುಕೊಂಡ ಒಂದು ಹ್ಯಾಶ್‌ಮ್ಯಾಪ್ ಜಾವಾದಿಂದ ಬರುತ್ತದೆ ಅಂತಿಟ್ಟುಕೊಳ್ಳಿ. ಕೀ ಇಂಟಿಜರ್. ಕ್ಲೋಜರ್‌ನಲ್ಲಿ 7 ಅಂತ ಬರೆದರೆ ಅದು ಲಾಂಗ್. ಜಾವಾದ ಹ್ಯಾಶ್‌ಮ್ಯಾಪ್‌ಗೆ ಇಂಟಿಜರ್ 7 ಮತ್ತು ಲಾಂಗ್ 7 ಬೇರೆ ಬೇರೆ. ಹುಡುಕಿದರೆ ನಿಲ್ (ಕ್ಲೋಜರ್‌ನಲ್ಲಿ ನಲ್‌ಗೆ ಹೆಸರು) ಸಿಗುತ್ತದೆ. ಅದೇ ಡೇಟಾವನ್ನು ಕ್ಲೋಜರ್‌ನ ಸ್ವಂತ ಮ್ಯಾಪಿಗೆ ಸುರಿದುಕೊಂಡರೆ ಸಿಗುತ್ತದೆ, ಕ್ಲೋಜರ್ ಎರಡನ್ನೂ ಒಂದೇ ಅಂತ ನೋಡುತ್ತದೆ. ತಿರುಗಿ ಈ ಕಡೆಯಿಂದ ಜಾವಾಗೆ ಹೋದಾಗ ಕೀವರ್ಡ್ ತಾಪತ್ರಯ. ಕ್ಲೋಜರ್ ಮ್ಯಾಪ್‌ಗಳಲ್ಲಿ ಕೀ ಸಾಮಾನ್ಯವಾಗಿ ಕೀವರ್ಡ್ (ಹೆಸರಿನಂತೆ ಬಳಸುವ ಬೇರೆ ಜಾತಿಯ ವಸ್ತು), ಸ್ಟ್ರಿಂಗ್ ಅಲ್ಲ. ಜಾವಾದವರು ಸ್ಟ್ರಿಂಗ್ ಕೊಟ್ಟು ಗೆಟ್ ಮಾಡಿದರೆ ನಲ್. ಅವರ ಕಡೆ ನೋಡಿದರೆ ಮ್ಯಾಪ್ ತುಂಬಿದೆ, ಪ್ರಿಂಟ್ ಮಾಡಿದರೆ ಹೆಸರೂ ಕಾಣಿಸುತ್ತದೆ, ಕೇಳಿದರೆ ಮಾತ್ರ ಇಲ್ಲ ಅನ್ನುತ್ತದೆ.

ಇದಕ್ಕಿಂತ ಆಳದ್ದು ಒಂದಿದೆ. ಕ್ಲೋಜರ್ ವೆಕ್ಟರ್ ಮತ್ತು ಜಾವಾ ಅರೇಲಿಸ್ಟ್ ಎರಡರಲ್ಲೂ ಅದೇ ಐಟಂಗಳಿದ್ದರೆ ಕ್ಲೋಜರ್ ಅವೆರಡೂ ಸಮ ಅನ್ನುತ್ತದೆ. ಆದರೆ 1.6ರಿಂದ ಕ್ಲೋಜರ್ ತನ್ನ ಕಲೆಕ್ಷನ್‌ಗಳಿಗೆ ಬೇರೆ ಹ್ಯಾಶ್ (ಮ್ಯಾಪಿನಲ್ಲಿ ಕೀ ಹುಡುಕಲು ಬಳಸುವ ಸಂಖ್ಯೆ) ಲೆಕ್ಕ ಹಾಕುತ್ತದೆ, ಜಾವಾದ್ದಕ್ಕೆ ಜಾವಾದ ಹ್ಯಾಶ್‌ಕೋಡ್. ಸಮ ಇದ್ದರೂ ಹ್ಯಾಶ್ ಬೇರೆ. ಅವನ್ನು ಕೀ ಆಗಿ ಬಳಸಿದರೆ ಹೋಯಿತು. ಗ್ರೂವಿಯಲ್ಲಿಯೂ ಇದರ ತಮ್ಮ ಇದ್ದಾನೆ. ಡಾಲರ್ ಗುರುತು ಹಾಕಿ ಕಟ್ಟಿದ ಸ್ಟ್ರಿಂಗು ಜಿಸ್ಟ್ರಿಂಗ್ ಅನ್ನುವ ಬೇರೆ ವಸ್ತು, ನೋಡಲು ಒಂದೇ ಥರ ಇದ್ದರೂ ಅದರ ಹ್ಯಾಶ್‌ಕೋಡ್ ಸಾದಾ ಸ್ಟ್ರಿಂಗಿನದ್ದಲ್ಲ. ಅದನ್ನು ಕೀ ಮಾಡಿ ಇಟ್ಟು, ಸಾದಾ ಸ್ಟ್ರಿಂಗ್ ಕೊಟ್ಟು ಹುಡುಕಿದರೆ ಸಿಗುವುದಿಲ್ಲ.

ಹಾಗಾಗಿ ಗಡಿಯಲ್ಲಿ ಮೂರು ವಿಷಯ ಕೇಳಿಕೊಳ್ಳುತ್ತೇನೆ ನಾನು. ಇದನ್ನು ಇನ್ನು ಮುಂದೆ ಯಾರು ಬದಲಾಯಿಸಬಹುದು, ಐಟಂ ಹುಡುಕಲು ಎಷ್ಟು ಖರ್ಚು, ಎರಡು ವಸ್ತು ಸಮ ಅಂತ ಯಾವ ಭಾಷೆ ತೀರ್ಮಾನಿಸುತ್ತದೆ. ಇಂಟರ್‌ಫೇಸ್ ಹೆಸರು ಈ ಮೂರರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ.

---

ಬೈಟ್‌ಕೋಡ್_ಓದುಗ:

ವೆಕ್ಟರ್ ವಿಷಯ ಸರಿ, ಅಲ್ಲಿ ಕಾಪಿ ಬೇಡ. ಆದರೆ ಇವರ ಪ್ರಾಜೆಕ್ಟಿನಲ್ಲಿ ಸ್ಕಾಲಾ ಬರೆದವರು ಇಲ್ಲ ಅಂತ ಹೇಳಿದ್ದಾರೆ. ಯಾವ ಮೆಥಡ್ ವೆಕ್ಟರ್ ಕೊಡುತ್ತದೆ, ಯಾವುದು ಬಫರ್ ಕೊಡುತ್ತದೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ಇನ್ನೊಂದು, 2.13ಕ್ಕಿಂತ ಹಿಂದೆ ಸ್ಕಾಲಾದಲ್ಲಿ ಬರೀ ಸೀಕ್ (ಲಿಸ್ಟ್, ವೆಕ್ಟರ್ ಥರದವಕ್ಕೆಲ್ಲ ಸಾಮಾನ್ಯ ಟೈಪು) ಅಂತ ಬರೆದರೆ ಅದು ಬದಲಾಗುವುದೂ ಆಗಿರಬಹುದಿತ್ತು. 2.13ರಿಂದ ಮಾತ್ರ ಆ ಹೆಸರು ಬದಲಾಗದ ಸೀಕ್ ಅನ್ನು ಸೂಚಿಸುತ್ತದೆ. ಹಳೇ ಕೋಡಿನ ಟೈಪ್ ನೋಡಿ ನಂಬಿ ಕೂರುವ ಹಾಗಿಲ್ಲ. ಗೊತ್ತಿಲ್ಲದ ಕಡೆ ಕಾಪಿ ಮಾಡುವುದೇ ಕ್ಷೇಮ.

---

ಪಾಠದ_ಮೇಷ್ಟ್ರು (ದಾವಣಗೆರೆ):

ನಾನು ಇಲ್ಲೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಜಾವಾ ಪಾಠ ಮಾಡುತ್ತೇನೆ. ಈ ಚರ್ಚೆ ನಮ್ಮ ಹುಡುಗರಿಗೆ ಓದಿಸಬೇಕು ಅನ್ನಿಸಿತು. ವ್ಯಾಲ್ ಅಥವಾ ಫೈನಲ್ ಅಂತ ಬರೆದರೆ ಲಿಸ್ಟ್ ಬದಲಾಗುವುದಿಲ್ಲ ಅಂತ ನಂಬಿರುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಆ ಹೆಸರು ಬೇರೆ ವಸ್ತುವಿಗೆ ತೋರಿಸಬಾರದು ಅಂತಷ್ಟೇ ಅದರ ಅರ್ಥ. ವಸ್ತು ಒಳಗೆ ಏನು ಬೇಕಾದರೂ ಆಗಬಹುದು.

ಕಾಪಿ ವಿಷಯದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಲಿಸ್ಟ್ ಕಾಪಿ ಆಯಿತು, ಸರಿ. ಒಳಗಿರುವ ಲಾಟ್ ವಸ್ತು ಅದೇ ಅಲ್ವಾ? ಜಾವಾ ಕಡೆ ಯಾರಾದರೂ ಆ ಲಾಟಿನ ಮೇಲೆ ಸೆಟ್‌ತೂಕ ಕರೆದರೆ ಎರಡೂ ಲಿಸ್ಟಿನಲ್ಲಿ ತೂಕ ಬದಲಾಗುತ್ತದೆ. ರೈತನ ಪಟ್ಟಿಯಲ್ಲಿ ತೂಕ ತನ್ನಷ್ಟಕ್ಕೆ ತಾನೇ ಬದಲಾಗುವುದಕ್ಕಿಂತ ಕೆಟ್ಟದ್ದು ಏನಿದೆ? ಹಾಗಾಗಿ ಲಾಟ್ ಅನ್ನುವ ಕ್ಲಾಸೇ ಬದಲಾಗದ್ದಾಗಿರಲಿ. ಜಾವಾದಲ್ಲಿ ರೆಕಾರ್ಡ್, ಕಾಟ್ಲಿನ್‌ನಲ್ಲಿ ಎಲ್ಲ ವ್ಯಾಲ್ ಇರುವ ಡೇಟಾ ಕ್ಲಾಸ್, ಸ್ಕಾಲಾದಲ್ಲಿ ಕೇಸ್ ಕ್ಲಾಸ್. ಲಿಸ್ಟಿಗೆ ಎಷ್ಟು ಕಾವಲು ಹಾಕಿದರೂ ಐಟಂಗೆ ಕಾವಲು ಇಲ್ಲದಿದ್ದರೆ ಪ್ರಯೋಜನ ಇಲ್ಲ.

ಮತ್ತೆ, ಗಡಿಯನ್ನು ಒಂದೇ ಕಡೆ ಇಡಿ. ಮೂರು ಭಾಷೆ ಇದ್ದರೆ ದಾಟುವ ಜಾಗಗಳೂ ಹರಡಿಕೊಳ್ಳುತ್ತವೆ. ಒಂದು ಸಣ್ಣ ಮಾಡ್ಯೂಲ್ ಮಾಡಿ, ಅದರಲ್ಲಿ ಜಾವಾ ಇಂಟರ್‌ಫೇಸ್‌ಗಳು ಮಾತ್ರ ಇರಲಿ, ಟೈಪುಗಳೆಲ್ಲ ಜಾವಾದವು. ಸ್ಕಾಲಾ ತನ್ನ ಒಳಗೆ ತನ್ನ ಕಲೆಕ್ಷನ್ ಬಳಸಲಿ, ಹೊರಗೆ ಬರುವಾಗ ಆ ಮಾಡ್ಯೂಲಿನ ಟೈಪಿನಲ್ಲಿ ಬರಲಿ. ಸ್ಕಾಲಾದ ಸೀಕ್ ಅಥವಾ ಆಪ್ಷನ್ ಕಾಟ್ಲಿನ್ ಫೈಲಿನಲ್ಲಿ ಇಂಪೋರ್ಟ್ ಆಗಿ ಕಂಡರೆ ರಿವ್ಯೂನಲ್ಲೇ ವಾಪಸ್ ಕಳಿಸಿ.

ಆ ಮಾಡ್ಯೂಲಿಗೆ ಟೆಸ್ಟ್ ಬರೆಯುವಾಗ ಖಾಲಿ ಲಿಸ್ಟ್, ಒಂದು ಐಟಂ, ಹಲವು ಐಟಂ, ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಯಾಕೆ ಅಂತ ಮೇಲೆಯೇ ಹೇಳಿದ್ದಾರೆ. ಆಡ್ ಕರೆದರೆ ಬೀಳಬೇಕು ಅಂತ ಒಂದು ಟೆಸ್ಟ್, ಮೂಲ ಬದಲಾಯಿಸಿದರೆ ಇದು ಬದಲಾಗಬಾರದು ಅಂತ ಇನ್ನೊಂದು. ಗ್ವಾವಾ ಅನ್ನುವ ಜಾವಾ ಲೈಬ್ರರಿಯ ಟೆಸ್ಟ್‌ಲಿಬ್ ಅಂತ ಒಂದಿದೆ. ಒಂದು ಲಿಸ್ಟ್ ಜಾವಾದ ಲಿಸ್ಟ್ ಕರಾರನ್ನು ಸರಿಯಾಗಿ ಪಾಲಿಸುತ್ತಿದೆಯಾ ಅಂತ ನೋಡುವ ಟೆಸ್ಟ್‌ಗಳ ರಾಶಿಯೇ ಅದರಲ್ಲಿದೆ. ನೀವು ಸ್ವಂತ ಹೊದಿಕೆ ಬರೆಯುವ ಯೋಚನೆ ಇದ್ದರೆ ಮಾತ್ರ ಅದು ಬೇಕು.

---

ಹರಿಹರ_ಮೊಬೈಲ್:

ಒಂದು ಸೇರಿಸುತ್ತೇನೆ. ಇವರಿಗೆ ಮುಂದೆ ಆಂಡ್ರಾಯ್ಡ್ ಆ್ಯಪ್ ಮಾಡುವ ಯೋಚನೆ ಇದ್ದರೆ ಇದು ಬೇಕಾಗುತ್ತದೆ.

2023ರಲ್ಲಿ ಜಾವಾ 21 ಬಂದಾಗ ಲಿಸ್ಟ್ ಇಂಟರ್‌ಫೇಸಿಗೆ ಗೆಟ್‌ಫಸ್ಟ್, ರಿಮೂವ್‌ಫಸ್ಟ್, ರಿಮೂವ್‌ಲಾಸ್ಟ್ ಎಲ್ಲ ಸೇರಿದವು, ಸೀಕ್ವೆನ್ಸ್ಡ್ ಕಲೆಕ್ಷನ್ ಅಂತ. ಕಾಟ್ಲಿನ್‌ನಲ್ಲಿ ರಿಮೂವ್‌ಫಸ್ಟ್, ರಿಮೂವ್‌ಲಾಸ್ಟ್ ಅನ್ನುವ ಎಕ್ಸ್‌ಟೆನ್ಷನ್ ಫಂಕ್ಷನ್‌ಗಳು (ಕ್ಲಾಸಿಗೆ ಹೊರಗಿನಿಂದ ಸೇರಿಸಿದ ಫಂಕ್ಷನ್) ಮೊದಲೇ ಇದ್ದವು. ಕಾಟ್ಲಿನ್ ನಿಯಮದ ಪ್ರಕಾರ ಕ್ಲಾಸಿನ ಸ್ವಂತ ಮೆಥಡ್ ಇದ್ದರೆ ಎಕ್ಸ್‌ಟೆನ್ಷನ್ ಸೋಲುತ್ತದೆ. ಏನಾಯಿತು ಅಂದರೆ, ಆಂಡ್ರಾಯ್ಡ್ 15ರ ಎಸ್‌ಡಿಕೆ 35 (ಆ್ಯಪ್ ಕಟ್ಟುವ ಸಲಕರಣೆ) ಇಟ್ಟು ಕಂಪೈಲ್ ಮಾಡಿದ ಕೂಡಲೇ, ಒಂದು ಅಕ್ಷರ ಬದಲಾಯಿಸದ ಹಳೇ ಕೋಡು ಜಾವಾದ ಹೊಸ ಮೆಥಡ್‌ಗೆ ಅಂಟಿಕೊಂಡಿತು. ಹೊಸ ಫೋನಿನಲ್ಲಿ ಚೆನ್ನಾಗಿ ಓಡುತ್ತದೆ. ಆಂಡ್ರಾಯ್ಡ್ 14 ಅಥವಾ ಅದಕ್ಕಿಂತ ಹಳೆಯದರಲ್ಲಿ ಆ ಮೆಥಡ್ ಇಲ್ಲ, ನೋಸಚ್‌ಮೆಥಡ್‌ಎರರ್ ಬಂದು ಆ್ಯಪ್ ಮುಚ್ಚಿಕೊಳ್ಳುತ್ತದೆ. ಮಂಡಿಯಲ್ಲಿ ಗುಮಾಸ್ತರ ಕೈಯಲ್ಲಿ ಇರುವುದು ಹಳೇ ಫೋನೇ ಜಾಸ್ತಿ, ಡೆವಲಪರ್ ಕೈಯಲ್ಲಿ ಹೊಸದು. ಹಾಗಾಗಿ ಆಫೀಸಿನಲ್ಲಿ ಯಾರಿಗೂ ಕಾಣುವುದಿಲ್ಲ.

ಇದಕ್ಕೆ ಗೂಗಲ್ ಹೇಳಿರುವ ಪರಿಹಾರ ಸರಳ. ರಿಮೂವ್‌ಫಸ್ಟ್ ಬದಲು ರಿಮೂವ್‌ಆ್ಯಟ್ ಸೊನ್ನೆ ಅಂತ ಬರೆಯುವುದು, ರಿಮೂವ್‌ಲಾಸ್ಟ್ ಬದಲು ಕೊನೆಯ ಇಂಡೆಕ್ಸ್ ಕೊಡುವುದು. ಆದರೆ ಇದರಿಂದ ನನಗೆ ಅರ್ಥ ಆಗಿದ್ದು, ಎರಡು ಭಾಷೆ ಒಂದೇ ವಸ್ತುವನ್ನು ಹಂಚಿಕೊಂಡರೆ ಒಂದರ ಬೆಳವಣಿಗೆ ಇನ್ನೊಂದರ ಅರ್ಥವನ್ನೇ ಬದಲಾಯಿಸಬಹುದು. ಸ್ಕಾಲಾ ತನ್ನದೇ ಕಲೆಕ್ಷನ್ ಇಟ್ಟುಕೊಂಡಿದ್ದಕ್ಕೆ ಅದರ ಸ್ವಂತ ಲಿಸ್ಟುಗಳಿಗೆ ಈ ಪೆಟ್ಟು ಬೀಳಲಿಲ್ಲ.

---

ಜೋಳದ_ಲೆಕ್ಕ:

ಮೇಷ್ಟ್ರು ಹೇಳಿದ ಮಾಡ್ಯೂಲ್ ಶುರು ಮಾಡಿದ್ದೇನೆ. ಸ್ಕಾಲಾದಿಂದ ಹೊರಗೆ ಬರುವ ಪ್ರತಿ ಮೆಥಡ್‌ನಲ್ಲಿ ಆಸ್‌ಜಾವಾ, ಅದರ ಮೇಲೆ ಲಿಸ್ಟ್.ಕಾಪಿಆಫ್. ಲಾಟ್ ಕ್ಲಾಸ್‌ನಿಂದ ಸೆಟರ್ ಎಲ್ಲ ತೆಗೆಯುತ್ತಿದ್ದೇನೆ. ತೆಗೆದ ಕೂಡಲೇ ಜಾವಾ ಲೈಬ್ರರಿಯಲ್ಲಿ ಎಲ್ಲೆಲ್ಲಿ ತೂಕ ತಿದ್ದುತ್ತಿದ್ದರು ಅಂತ ಕಂಪೈಲರ್ ತಾನೇ ತೋರಿಸುತ್ತಿದೆ, ಅದೇ ಒಂದು ಪಾಠ ಆಯಿತು. ಇಂಟ್.ಬಾಕ್ಸ್ ಕೆಲಸ ಮಾಡಿತು, ಕಾಸ್ಟ್‌ಗಳೆಲ್ಲ ಹೋದವು.

ಒಂದು ಹೊಸದು ಬಂದಿದೆ. ಕಾಟ್ಲಿನ್‌ನಲ್ಲಿ ಲಿಸ್ಟ್ ತೆಗೆದುಕೊಳ್ಳುವ ಒಂದು ಫಂಕ್ಷನ್ ಜಾವಾದಿಂದ ನೋಡಿದರೆ ಪ್ರಶ್ನಾರ್ಥಕ ಚಿಹ್ನೆ, ಎಕ್ಸ್‌ಟೆಂಡ್ಸ್ ಅಂತ ಏನೇನೋ ಸೇರಿಕೊಂಡು ಕಾಣಿಸುತ್ತದೆ. ಇನ್ನೊಂದು ಫಂಕ್ಷನ್‌ನಲ್ಲಿ ಹಾಗಿಲ್ಲ. ಯಾಕೆ?

---

ಬೈಟ್‌ಕೋಡ್_ಓದುಗ:

ಕಾಟ್ಲಿನ್ ಲಿಸ್ಟ್ ಓದಲು ಮಾತ್ರ ಆಗಿರುವುದರಿಂದ ಮೆಕ್ಕೆಜೋಳದ ಲಾಟುಗಳ ಲಿಸ್ಟನ್ನು ಸಾಮಾನ್ಯ ಲಾಟುಗಳ ಲಿಸ್ಟ್ ಆಗಿ ಕೊಡಬಹುದು. ಜಾವಾದಲ್ಲಿ ಆ ಅನುಕೂಲ ತಾನಾಗಿ ಇಲ್ಲ. ಅದನ್ನು ಉಳಿಸಿಕೊಡಲು ಕಾಟ್ಲಿನ್ ಕಂಪೈಲರ್ ಪ್ಯಾರಾಮೀಟರ್‌ಗಳಲ್ಲಿ ವೈಲ್ಡ್‌ಕಾರ್ಡ್ (ನೀವು ನೋಡಿದ ಆ ಪ್ರಶ್ನಾರ್ಥಕ ಚಿಹ್ನೆ) ಸೇರಿಸುತ್ತದೆ. ಒಳಗಿನ ಕ್ಲಾಸ್ ಫೈನಲ್ ಆದರೆ ಉಪಕ್ಲಾಸ್ ಬರುವ ಸಾಧ್ಯತೆಯೇ ಇಲ್ಲ, ಹಾಗಾಗಿ ಸೇರಿಸುವುದಿಲ್ಲ. ರಿಟರ್ನ್ ಟೈಪಿನಲ್ಲೂ ಸೇರಿಸುವುದಿಲ್ಲ. ನಿಮ್ಮ ಮೊದಲ ಫಂಕ್ಷನ್‌ನ ಕ್ಲಾಸ್ ಓಪನ್ ಅಥವಾ ಇಂಟರ್‌ಫೇಸ್ ಆಗಿರಬೇಕು, ಎರಡನೆಯದು ಸ್ಟ್ರಿಂಗ್ ಅಥವಾ ಡೇಟಾ ಕ್ಲಾಸ್. ಜಾವಾ ಕಡೆ ತೊಡಕಾದರೆ ಜೆವಿಎಂಸಪ್ರೆಸ್‌ವೈಲ್ಡ್‌ಕಾರ್ಡ್ಸ್ ಅನ್ನುವ ಅನೊಟೇಷನ್ ಹಾಕಿ. ಆದರೆ ಕರೆಯುವವರಿಗೆ ಅದು ಅಡ್ಡ ಬರುತ್ತಿಲ್ಲ ಅಂದರೆ ಹಾಗೇ ಬಿಡಿ, ಅದು ಸರಿಯಾಗಿಯೇ ಇದೆ.